ಮೇಷ್ಟ್ರು ಓದದೆ ಬಿಟ್ಟ ಸಾಲು

ಪಂಚಾಕ್ಷರಪ್ಪ ಮೇಷ್ಟ್ರು ಈ ವರ್ಷ ಒಂದು ಪುಸ್ತಕ ಅಚ್ಚು ಹಾಕಿಸಿದ್ದಾರೆ. ನಲವತ್ತೆಂಟು ಪುಟ. ಹೊದಿಕೆಯ ಮೇಲೆ ಬಂದೂಕು ಹಿಡಿದ ಸೈನಿಕ, ಅವನ ಹಿಂದೆ ಹಿಮದ ಬೆಟ್ಟ. ಕಾರ್ಗಿಲ್ ಯುದ್ಧದ ಕಾವು ಆರುವುದರೊಳಗೆ ನಾಲ್ಕು ಜನರ ಕೈಗೆ ಸೇರಲಿ ಎಂಬ ಆತುರ. ಒಳಗಿರುವುದು ಮಾತ್ರ ಐದಾರು ವರ್ಷದ ಹಿಂದೆ ಸೋಮಾಲಿಯ ದೇಶದಿಂದ ಬಂದ ಕಾಗದಗಳು. ಅಲ್ಲಿ ಶಾಂತಿಪಡೆಯ ಲಾರಿ ಓಡಿಸಲು ಹೋಗಿದ್ದ ನಮ್ಮೂರಿನ ಮಾಳೇಶ ತನ್ನ ಅಪ್ಪ ಅವ್ವನಿಗೆ ಬರೆದವು. ಸೋಮಾಲಿಯದಲ್ಲಿ ಹಿಮ ಎಲ್ಲಿಂದ ಬರಬೇಕು? ನನಗೂ ಒಂದು ಪ್ರತಿ ಕೊಟ್ಟು, "ಓದು ರಾಜಪ್ಪ, ಎಲ್ಲಾ ನೀನೇ ಹೊತ್ತು ತಂದ ಕಾಗದಗಳು" ಎಂದು ಬೆನ್ನು ತಟ್ಟಿದರು. ಓದಿದೆ.

ಆ ಪುಸ್ತಕದಲ್ಲಿ ಮಾಳೇಶನ ಅಪ್ಪ ಕರಿಯಣ್ಣನ ಬಗ್ಗೆ ಒಂದೇ ಒಂದು ವಾಕ್ಯವಿದೆ: 'ಯೋಧನ ತಂದೆ ನಿರಕ್ಷರಿ ಕುರಿಗಾಹಿ.' ಮೂವತ್ತು ವರ್ಷ ಇದೇ ಊರಿನಲ್ಲಿ ಪಾಠ ಹೇಳಿದ ಮನುಷ್ಯನಿಗೆ ಕರಿಯಣ್ಣ ಕಂಡದ್ದು ಅಷ್ಟೇ. ಉಳಿದದ್ದನ್ನು ನಾನು ಬರೆಯುತ್ತೇನೆ. ನಾನು ಸಾಹಿತಿಯಲ್ಲ. ಶಿಕಾರಿಪುರದಿಂದ ಬಸ್ಸಿನಲ್ಲಿ ಬರುವ ಟಪಾಲು ಚೀಲ ಬಿಚ್ಚಿ, ಬಂದಳಿಕೆ ಕಡೆಯ ನಮ್ಮ ಹಳ್ಳಿಯಲ್ಲಿ ಮನೆಮನೆಗೆ ಹಂಚುವವನು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ.

ಕರಿಯಣ್ಣನಿಗೆ ಈಗ ಎಪ್ಪತ್ತರ ಹತ್ತಿರ. ಹುಟ್ಟಿದ್ದು ಸೊರಬದ ಕಡೆಯ ಯಾವುದೋ ಗದ್ದೆಯಲ್ಲಂತೆ, ಅವರಪ್ಪ ಮಂದೆ ತರುಬಿದ್ದ ಜಾಗದಲ್ಲಿ. ತರುಬುವುದೆಂದರೆ ಕೊಯ್ಲಾದ ಗದ್ದೆಯಲ್ಲಿ ಕುರಿಗಳನ್ನು ಕೂಡಿ ನಿಲ್ಲಿಸುವುದು. ಹಿಕ್ಕೆ ರೈತನಿಗೆ ಗೊಬ್ಬರ, ಬದಲಿಗೆ ಕುರಿಗಾರನಿಗೆ ಅಕ್ಕಿ. ಕರಿಯಣ್ಣನೂ ಹಾಗೇ ಬದುಕಿದ. ಸುಗ್ಗಿ ಮುಗಿದರೆ ಸೊರಬದ ಗದ್ದೆ ಬಯಲು, ಮಳೆ ಹಿಡಿದರೆ ಮೂಡಲ ಸೀಮೆಯ ಒಣನೆಲ. ವರ್ಷಕ್ಕೆ ನಾಲ್ಕು ತಿಂಗಳು ಮನೆಯಲ್ಲಿದ್ದರೆ ಹೆಚ್ಚು. ಹೆಂಡತಿ ಗುಡ್ಡಮ್ಮ ಊರಲ್ಲೇ ಇದ್ದು ಮನೆ, ಎಳೆ ಮರಿಗಳು, ಎರಡೆಕರೆ ಜೋಳ ನೋಡಿಕೊಳ್ಳುತ್ತಿದ್ದಳು.

ಈ ಮನುಷ್ಯನಿಗೊಂದು ಅಭ್ಯಾಸ. ನೇರವಾಗಿ ಬಾಯಿಗೆ ಬಾರದ ಮಾತನ್ನೆಲ್ಲ ಕುರಿಯ ಮೇಲೆ ಹಾಕಿ ಹೇಳುತ್ತಾನೆ. ತಾಯಿ ಸತ್ತ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು, "ಹಳೇ ಕುರಿ ಮಂದೆ ಬಿಡ್ತು, ರಾಜಪ್ಪ" ಅಂದ. ಮಗಳು ಸಂಗೀತಳಿಗೆ ಮೊದಲು ಬಂದ ಗಂಡು ಹೇಗಿದ್ದಾನೆಂದು ಕೇಳಿದರೆ, "ಟಗರು ನೋಡಾಕೆ ಚೆಂದೈತಿ, ಹಾಯಾದು ಜಾಸ್ತಿ" ಅಂದು ಆ ಸಂಬಂಧ ಬಿಟ್ಟ. ಮಾಳೇಶ ಮಿಲಿಟರಿಗೆ ಹೊರಟಾಗ ಗುಡ್ಡಮ್ಮ ಬೋರಾಡಿ ಅತ್ತರೆ ಇವನು, "ಮರಿ ಹಾಲು ಬಿಟ್ಟೈತಿ. ಮೇಯಾಕೆ ಹೋಗ್ಲಿ ಬಿಡು" ಅಂದು ಅತ್ತ ತಿರುಗಿ ಕಂಬಳಿಯಲ್ಲಿ ಮುಖ ಒರೆಸಿಕೊಂಡ. ಮನೆಯವರಿಗೆ ಈ ಭಾಷೆ ನೀರು ಕುಡಿದಷ್ಟು ಸಲೀಸು. ಊರಿನ ಅರ್ಧ ಜನಕ್ಕೂ ಅರ್ಥವಾಗುತ್ತಿತ್ತು.

ಇನ್ನೊಂದು ಸಂಗತಿಯೂ ಊರಿಗೆಲ್ಲ ಗೊತ್ತಿತ್ತು. ಕರಿಯಣ್ಣ ಕಾಲು ಹೋದ ಕುರಿಯನ್ನು ಕಟುಕರಿಗೆ ಕೊಡುತ್ತಿರಲಿಲ್ಲ. ಬಿದಿರಿನ ದಬ್ಬೆ ಕಟ್ಟಿ, ವಾಸಿಯಾಗುವವರೆಗೆ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದ. ವಾಸಿಯಾಗದಿದ್ದರೆ ಅದು ಮನೆಯ ಮುಂದೆ ಸಾಯುವವರೆಗೂ ಮೇಯುತ್ತಿತ್ತು. ಉಳಿದ ಕುರಿಗಾರರು ಇವನನ್ನು ನೋಡಿ ನಗುತ್ತಿದ್ದರು. ಅವನೂ ನಗುತ್ತಿದ್ದ.

ಮಾಳೇಶ ಸೋಮಾಲಿಯಕ್ಕೆ ಹೋದದ್ದು ತೊಂಬತ್ತಮೂರರ ದಸರಾ ಹೊತ್ತಿಗೆ. ದೀಪಾವಳಿ ಕಳೆದ ಮೇಲೆ ಮೊದಲ ಕಾಗದ ಬಂತು. ಮಿಲಿಟರಿ ಟಪಾಲಿನ ಮಡಚುವ ಕಾಗದ, ಹುಡುಗನ ಸೊಟ್ಟ ಅಕ್ಷರ. ನಾನೇ ಓದಿ ಹೇಳುತ್ತೇನೆಂದೆ. ಗುಡ್ಡಮ್ಮ ಒಪ್ಪಲಿಲ್ಲ.

"ನೀನು ತರಾಂವ. ಓದಾದು ಮೇಷ್ಟ್ರ ಕೆಲ್ಸ. ಅವ್ರು ಓದಿದ್ರೆ ನಾಕು ಮಂದಿ ಕೇಳ್ತಾರೆ" ಅಂದಳು.

ನಾಲ್ಕಲ್ಲ, ಇಪ್ಪತ್ತು ಮಂದಿ ಕೇಳಿದರು. ಮೇಷ್ಟ್ರ ಮನೆಯ ಜಗಲಿ ತುಂಬಿತು. ಮೇಷ್ಟ್ರು ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, ಜೇಬಿನಿಂದ ಕೆಂಪು ಶಾಯಿಯ ಪೆನ್ನು ತೆಗೆದು ಮೊದಲು ಕಾಗದದಲ್ಲಿದ್ದ ತಪ್ಪುಗಳನ್ನು ತಿದ್ದಿದರು. ಹೌದು, ಮಗ ಅವ್ವನಿಗೆ ಬರೆದ ಕಾಗದದಲ್ಲಿ ಒತ್ತಕ್ಷರ ತಿದ್ದಿದರು. ಆಮೇಲೆ ರಾಗವಾಗಿ ಓದಿದರು. "ತೀರ್ಥರೂಪರಾದ ತಂದೆಯವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ಉರಿಬಿಸಿಲಿನ ರಣಭೂಮಿಯಲ್ಲಿ ನಿಂತು ತಾಯ್ನಾಡನ್ನು ನೆನೆಯುತ್ತಿದ್ದೇನೆ." ಜನ ತಲೆದೂಗಿದರು. ಗುಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ ಮಗ ಹಿಂಗೆಲ್ಲಾ ಬರೀತಾನಾ!" ಎಂದು ಬೆರಗಾದಳು.

ಅವನು ಹಾಗೆಲ್ಲ ಬರೆದಿರಲಿಲ್ಲ. ನಾನು ಆಮೇಲೆ ಕಣ್ಣಾರೆ ನೋಡಿದೆ. ಅವನು ಬರೆದದ್ದು: ಇಲ್ಲಿ ಸೆಕೆ, ನೊಣ ಬಹಳ. ಅಕ್ಕಿಬೇಳೆ ಚೀಲ ತುಂಬಿದ ಲಾರಿ ಓಡಿಸುತ್ತೇನೆ. ಇಲ್ಲಿಯ ಕುರಿಗೆ ಮೈಯೆಲ್ಲ ಬಿಳಿ, ತಲೆ ಮಾತ್ರ ಕರಿ, ಉಣ್ಣೆ ಇಲ್ಲ, ಬಾಲದ ಬುಡದಲ್ಲಿ ಕೊಬ್ಬಿನ ಗಂಟು ಇದೆ, ಅಪ್ಪನಿಗೆ ಹೇಳಿ. ಇಲ್ಲಿಯ ಮುದುಕರೂ ಅಪ್ಪನ ಹಾಗೆಯೇ ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟು ಎರಡೂ ಕೈ ನೇತುಹಾಕಿಕೊಂಡು ನಿಲ್ಲುತ್ತಾರೆ. ನೋಡಿದಾಗ ಮನೆ ನೆನಪಾಗುತ್ತದೆ.

ಇದನ್ನು ಓದಿದ್ದರೆ ಕರಿಯಣ್ಣ ಎಷ್ಟು ದಿನ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದನೋ. ಮೇಷ್ಟ್ರು ಇಡೀ ಭಾಗಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಪಕ್ಕದಲ್ಲಿ 'ಬಿಡುವುದು' ಎಂದು ಬರೆದಿದ್ದರು.

ಉತ್ತರ ಬರೆಯುವವರೂ ಅವರೇ. ಗುಡ್ಡಮ್ಮ ಎದುರು ಕೂತು ಹೇಳುವಳು, ಅವರು ಬರೆಯುವರು. ಕಾಗದದ ಕೊನೆಗೆ ಅವಳ ಎಡಗೈ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಅದನ್ನು ಬೇಕೆಂದದ್ದು ಅವಳೇ. "ಬರಹ ಮೇಷ್ಟ್ರದು, ಮಾತು ನಂದು ಅಂತ ಮಗಂಗೆ ಗೊತ್ತಾಗ್ಬೇಕು" ಎನ್ನುತ್ತಿದ್ದಳು. ಅದನ್ನು ತಂದು ನನ್ನ ಕೈಗೆ ಕೊಟ್ಟು, ಚೀಲಕ್ಕೆ ಹಾಕುವುದನ್ನು ನೋಡಿಕೊಂಡೇ ಹೋಗುವಳು.

ತೊಂಬತ್ತನಾಲ್ಕರ ಫೆಬ್ರವರಿಯಲ್ಲಿ ಟೆಲಿಗ್ರಾಂ ಬಂತು. ಕಾಲಿಗೆ ಪೆಟ್ಟು, ಪ್ರಾಣಾಪಾಯವಿಲ್ಲ. ಗುಡ್ಡಮ್ಮ ಮೂರು ದಿನ ಊಟ ಬಿಟ್ಟಳು. ಮಾರ್ಚಿನಲ್ಲಿ ಮಾಳೇಶನದೇ ಕಾಗದ ಬಂದ ಮೇಲೆ ಜೀವ ಬಂದಂತಾಗಿ, ಹೊಸ ಸೀರೆ ಉಟ್ಟು ಜಗಲಿಗೆ ಬಂದಳು. ಕರಿಯಣ್ಣ ಆಗ ಸೊರಬದ ಕಡೆ ಮಂದೆಯ ಜೊತೆಗಿದ್ದ. ನಾನು ಜಗಲಿಯ ತುದಿಯಲ್ಲಿ, ಮೇಷ್ಟ್ರ ಮಗ್ಗುಲಿಗೇ ಕೂತಿದ್ದೆ.

ಮೇಷ್ಟ್ರು ಓದುತ್ತ ಹೋದರು. ಗಾಯ ಮಾಯುತ್ತಿದೆ, ಒಳ್ಳೆಯ ಡಾಕ್ಟರುಗಳಿದ್ದಾರೆ, ಇನ್ನೂ ದೇಶಸೇವೆ ಮಾಡುವ ಹಂಬಲವಿದೆ. ಒಂದು ಕಡೆ ನಿಂತರು, ಹುಬ್ಬು ಗಂಟು ಹಾಕಿದರು, ಪೆನ್ನಿನಿಂದ ಗೆರೆ ಎಳೆದರು, "ಇತಿ ನಿಮ್ಮ ಪ್ರೀತಿಯ ಪುತ್ರ" ಎಂದು ಮುಗಿಸಿದರು. ಕೊನೆಯಲ್ಲಿ ನಾಲ್ಕು ಸಾಲು ಓದದೆ ಉಳಿದದ್ದು ನನಗೆ ಕಂಡಿತು. ಕೇಳಲಿಲ್ಲ. ಅವರು ನನಗೂ ಮೇಷ್ಟ್ರೇ. ಈ ಕೆಲಸಕ್ಕೆ ಅರ್ಜಿ ಬರೆದುಕೊಟ್ಟವರೂ ಅವರೇ. ಇಪ್ಪತ್ತು ಜನರ ಎದುರು ಅವರನ್ನು ಕೇಳುವ ಧೈರ್ಯ ಬರಲಿಲ್ಲ. ನನ್ನ ಆ ಬಾಯಿಮುಚ್ಚಿಕೊಂಡ ಮೋರೆ ನೆನೆದರೆ ಈಗಲೂ ನನಗೇ ಹೇಸಿಗೆಯಾಗುತ್ತದೆ.

ಆ ದಿನವೇ ಉತ್ತರ ಬರೆಸಿದಳು. "ಬಾರಪ್ಪ ಮನೀಗೆ. ಹೆಂಗಿದ್ರೂ ಬಾ. ನಿನ್ ಮಖ ನೋಡಿದ್ರೆ ಸಾಕು" ಎಂದು ಅವಳು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಮೇಷ್ಟ್ರು ಹೂಂ ಹೂಂ ಎನ್ನುತ್ತ ಬರೆದರು. ಅವಳು ಹೆಬ್ಬೆಟ್ಟು ಒತ್ತಿದಳು. ನಾನು ಮುದ್ರೆ ಹೊಡೆದು ಚೀಲಕ್ಕೆ ಹಾಕಿದೆ.

ಅದಾದ ಮೇಲೆ ಮಾಳೇಶನಿಂದ ಬಂದದ್ದು ಒಂದೇ ಕಾಗದ, ಮೇ ತಿಂಗಳಲ್ಲಿ, ಪುಣೆಯ ಮಿಲಿಟರಿ ಆಸ್ಪತ್ರೆಯಿಂದ. ಅದರಲ್ಲಿ ಎರಡೇ ಸಾಲು: 'ನಿಮ್ಮ ಕಾಗದ ತಲುಪಿತು. ತಿಳಿಯಿತು.' ಮೇಷ್ಟ್ರು ಅದನ್ನು ಓದಿಯೇ ಹೇಳಲಿಲ್ಲ. "ಹುಡುಗ ಭಾರತಕ್ಕೆ ಬಂದಿದ್ದಾನೆ, ಕರ್ತವ್ಯದಲ್ಲಿ ಮಗ್ನನಾಗಿದ್ದಾನೆ" ಎಂದರು. ಜೂನ್ ಕಳೆಯಿತು, ಜುಲೈ ಕಳೆಯಿತು. ಗುಡ್ಡಮ್ಮ ದಿನಾ ಬಸ್ಸಿನ ಹೊತ್ತಿಗೆ ಬಂದು ನನ್ನ ಚೀಲದೊಳಗೆ ಇಣುಕುತ್ತಿದ್ದಳು. ಮೇಷ್ಟ್ರು ಬರೆದ ಇನ್ನೆರಡು ಕಾಗದಕ್ಕೂ ಉತ್ತರವಿಲ್ಲ.

ಆಗಸ್ಟ್ ಹದಿನೈದಕ್ಕೆ ಶಿಕಾರಿಪುರದಲ್ಲಿ ಒಂದು ಸಂಘದವರು ಯೋಧನ ತಂದೆಗೆ ಸನ್ಮಾನ ಇಟ್ಟರು. ಮೇಷ್ಟ್ರದೇ ಏರ್ಪಾಡು. ಮೂಡಲ ಸೀಮೆಯಲ್ಲಿದ್ದ ಕರಿಯಣ್ಣನಿಗೆ ಹೇಳಿ ಕಳಿಸಿ ಕರೆಸಿದರು. ಅವನು ಬಂದದ್ದು ಹಾರಕ್ಕಲ್ಲ, ಮಗನ ಸುದ್ದಿ ಏನಾದರೂ ಸಿಗಬಹುದೆಂದು. ವೇದಿಕೆಯ ಮೇಲೆ ಮೇಷ್ಟ್ರು 'ಯೋಧನ ಪತ್ರಗಳಿಂದ ಆಯ್ದ ಭಾಗ' ಓದಿದರು. ಚಪ್ಪಾಳೆ. ಶಾಲು ಹೊದಿಸಿದ್ದು ಮೇಷ್ಟ್ರಿಗೆ, ಕರಿಯಣ್ಣನಿಗೆ ಒಂದು ಸೇವಂತಿಗೆ ಹಾರ. ಕಾರ್ಯಕ್ರಮ ಮುಗಿದು ಸಂಘದವರ ಜೊತೆ ಊಟಕ್ಕೆ ಹೊರಟ ಮೇಷ್ಟ್ರು, ಬೇಕಾದ್ದು ನಕಲು ಮಾಡಿಕೊಂಡಾಯಿತೆಂದು ಕಾಗದಗಳ ಕಟ್ಟನ್ನು ನನ್ನ ಕೈಗಿಟ್ಟು, ಗುಡ್ಡಮ್ಮನಿಗೆ ಕೊಟ್ಟುಬಿಡು ಎಂದರು. ಊಟಕ್ಕೆ ಯೋಧನ ತಂದೆಯನ್ನು ಯಾರೂ ಕರೆಯಲಿಲ್ಲ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ಕರಿಯಣ್ಣ ಹಾರ ತೆಗೆದು ಪಕ್ಕಕ್ಕಿಟ್ಟ.

"ರಾಜಪ್ಪ, ನಂಗೊಂದು ಉಪಕಾರ ಮಾಡು. ಅವನ್ನ ನೀನು ಓದು. ಮೊದ್ಲಿಂದ ಕೊನೀ ತನಕ. ಒಂದಕ್ಷರ ಬಿಡಬ್ಯಾಡ."

ಓದಿದೆ. ಕರಿತಲೆಯ ಕುರಿಗಳ ಸಂಗತಿ ಬಂದಾಗ ಅವನ ಮುಖ ಅರಳಿತು. "ಇದನ್ನ ಯಾವತ್ತೂ ಓದ್ಲೇ ಇಲ್ವಲ್ಲ!" ಎಂದು ಮೂರು ಸಲ ಓದಿಸಿದ. ಒಂದೊಂದೇ ಕಾಗದ ಮುಗಿಯುತ್ತ ಮಾರ್ಚಿನದು ಬಂತು. ಕೊನೆಯ ನಾಲ್ಕು ಸಾಲು, ಮೇಲೆ ಕೆಂಪು ಗೆರೆ, ಪಕ್ಕದಲ್ಲಿ 'ಬಿಡುವುದು'. ಗೆರೆಯ ಕೆಳಗಿನ ಅಕ್ಷರ ಹೀಗಿತ್ತು:

'ಅಪ್ಪಗೆ ಒಂದು ಮಾತು ಕೇಳ್ತೀನಿ. ಮಂದೇಲಿ ಒಂದು ಟಗರಿಗೆ ಬಲಗಾಲು ಮೊಣಕಾಲ ತನಕ ಹೋಗೈತೆ ಅಂತ ತಿಳ್ಕ. ಇನ್ನು ಬರಾಕಿಲ್ಲ. ಅದನ್ನ ಮಂದೇಲಿ ಇಟ್ಕಂತೀಯೋ, ಕೊಟ್ಬಿಡ್ತೀಯೋ? ನಿನ್ನ ಬಾಯಿಂದ್ಲೇ ಹೇಳಿ ಬರ್ಸು. ನೀನು ಹೇಳ್ದಂಗೆ ಮಾಡ್ತೀನಿ.'

ಕಾಗದವನ್ನು ಇಪ್ಪತ್ತು ಜನ ಕೇಳುತ್ತಾರೆಂದು ಹುಡುಗನಿಗೆ ಗೊತ್ತಿತ್ತು. ಕಾಲು ಕತ್ತರಿಸಿದರೆಂದು ಜಗಲಿಯ ಮೇಲೆ ಕೂಗಿ ಹೇಳಿಸಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಅಪ್ಪನಿಗೆ ಮಾತ್ರ ಮುಟ್ಟುವ ಹಾಗೆ ಅಪ್ಪನ ಮಾತಿನಲ್ಲೇ ಕೇಳಿದ್ದ.

ಕರಿಯಣ್ಣ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ. "ಇದಕ್ಕೆ ಏನಂತ ಬರ್ದೀವಿ?" ಎಂದ.

ಕಾಗದದ ಹಿಂಬದಿ ತಿರುಗಿಸಿದೆ. ಮೇಷ್ಟ್ರು ಉತ್ತರವನ್ನು ಮೊದಲು ಪೆನ್ಸಿಲಿನಲ್ಲಿ ಬರೆದು ಆಮೇಲೆ ಒಳ್ಳೆಯ ಅಕ್ಷರದಲ್ಲಿ ಇಳಿಸುವವರು. ಆ ಕರಡು ಅಲ್ಲೇ ಇತ್ತು. ಗುಡ್ಡಮ್ಮ ಹೇಳಿದ 'ಹೆಂಗಿದ್ರೂ ಬಾ' ಎಂಬ ಮಾತು ಎಲ್ಲೂ ಇರಲಿಲ್ಲ. ಇದ್ದದ್ದು ಇದು: 'ಕುಂಟು ಕುರಿಗಳಿಗೆ ನಮ್ಮ ಮಂದೆಯಲ್ಲಿ ಸ್ಥಳವಿಲ್ಲ, ಅಂಥವನ್ನು ಕೊಟ್ಟುಬಿಟ್ಟಿದ್ದೇವೆ. ನೀನು ಇಂಥ ಕ್ಷುಲ್ಲಕ ವಿಚಾರಗಳನ್ನು ಬಿಟ್ಟು ದೇಶಸೇವೆಯಲ್ಲಿ ಮನಸ್ಸಿಡು. ಮನೆಯ ಕಡೆಗೆ ಚಿತ್ತ ಹರಿಸಬೇಡ.'

"ಅದ್ರ ಕೆಳಗೆ ಅವಳ ಹೆಬ್ಬೆಟ್ಟು ಒತ್ಸಿದಾರಾ?"

"ಒತ್ಸಿದಾರೆ, ಕರಿಯಣ್ಣ. ನಾನೇ ಕಳ್ಸಿದೆ."

ಎದ್ದ. ನೇರ ಮೇಷ್ಟ್ರು ಊಟಕ್ಕೆ ಕೂತಿದ್ದ ಹೋಟೆಲಿಗೆ ನಡೆದ. ನಾನು ಹಿಂದೆ ಓಡಿದೆ. ಮೇಷ್ಟ್ರು ಶಾಲು ಹೆಗಲ ಮೇಲಿಟ್ಟುಕೊಂಡೇ ಹೋಳಿಗೆ ತಿನ್ನುತ್ತಿದ್ದರು. ನಾನು ಕಾಗದ ಹಿಡಿದು ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ಏರಿಸಿ, ಬಿಟ್ಟ ಸಾಲನ್ನು ಮತ್ತೊಮ್ಮೆ ಓದಿದರು.

"ಓ, ಹಾಗೋ? ಇದು ರೂಪಕ! ನನಗೆ ಹೊಳೆಯಲೇ ಇಲ್ಲ ನೋಡು" ಎಂದರು. "ದೇಶಾಂತರದಲ್ಲಿರುವ ಸೈನಿಕ ಟಗರಿನ ಕಾಲು ಕೇಳ್ತಾನೆ ಅಂದ್ರೆ ಜನ ನಗ್ತಾರೆ ಅಂತ ಬಿಟ್ಟೆ. ನಿಮ್ಮ ಮರ್ಯಾದೆಗೇ ಅಲ್ವಾ ಕರಿಯಣ್ಣ? ಚಿಂತೆ ಮಾಡ್ಬೇಡ. ಈಗ್ಲೇ ಒಳ್ಳೇ ಭಾಷೇಲಿ ಇನ್ನೊಂದು ಬರೆದುಬಿಡೋಣ." ಹೇಳಿ, ಕೈಯಲ್ಲಿದ್ದ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡರು.

ಕೆಟ್ಟ ಮನುಷ್ಯನಾಗಿದ್ದರೆ ಬೈದು ಹಗುರಾಗಬಹುದಿತ್ತು. ಇವರಿಗೆ ಕೆಟ್ಟದ್ದು ಮಾಡುವ ಉದ್ದೇಶವೂ ಇರಲಿಲ್ಲ. ಎದುರಿಗಿರುವವನು ಮನುಷ್ಯನೆಂಬ ಗ್ಯಾನವೇ ಇರಲಿಲ್ಲ. ಆ ತುಪ್ಪ ಸವರಿದ ಬೆರಳು ತಾಗದ ಹಾಗೆ ನಾನು ಕಾಗದ ಮಡಿಚಿಟ್ಟುಕೊಂಡೆ. ಕರಿಯಣ್ಣ ದನಿ ಏರಿಸಲಿಲ್ಲ.

"ನೀವಿನ್ನು ಬರೆಯಾದು ಬ್ಯಾಡ್ರಿ ಮೇಷ್ಟ್ರೇ" ಅಂದು ಹೊರಗೆ ಬಂದ. ಊರಿಗೂ ಹೋಗದೆ ಅಲ್ಲಿಂದಲೇ ಹುಬ್ಬಳ್ಳಿ ಬಸ್ಸು ಹತ್ತಿದೆವು, ಹುಬ್ಬಳ್ಳಿಯಿಂದ ರೈಲು.

ಪುಣೆಯ ಆಸ್ಪತ್ರೆಯಲ್ಲಿ ಕೇಳಿದರೆ, ಆ ಹುಡುಗನಿಗೆ ಮನೆಯವರೇ ಇಲ್ಲವಲ್ಲ ಎಂದರು. ಕಾಲು ತೆಗೆದ ಸಂಗತಿಯನ್ನು ತಾನೇ ಮನೆಗೆ ತಿಳಿಸುತ್ತೇನೆಂದು ಮೊದಲು ಹೇಳಿದ್ದನಂತೆ, ಆಮೇಲೆ ತಿಳಿಸಲು ಯಾರೂ ಇಲ್ಲ ಎಂದನಂತೆ. ಹಿತ್ತಲಿನಲ್ಲಿ ಎರಡು ಕಬ್ಬಿಣದ ಸಲಾಕೆ ಹಿಡಿದು ಮರದ ಕಾಲಿನ ಮೇಲೆ ನಡಿಗೆ ಕಲಿಯುತ್ತಿದ್ದ. ಅಪ್ಪನನ್ನು ಕಂಡು ನಿಂತ. ನಗಲಿಲ್ಲ, ಕೈಯೂ ಮುಗಿಯಲಿಲ್ಲ.

"ಕೊಟ್ಬಿಟ್ಟೀವಿ ಅಂದ್ರಲ್ಲ. ಮತ್ಯಾಕೆ ಬಂದ್ರಿ?" ಎಂದ.

ಜೀವಮಾನದಲ್ಲಿ ಮೊದಲ ಸಲ ಕರಿಯಣ್ಣನಿಗೆ ಕುರಿಯ ಮಾತು ಸಿಗಲಿಲ್ಲ. ಮಗನ ಎರಡೂ ಭುಜ ಹಿಡಿದು, "ನಾನು ಹೇಳಿದ್ದಲ್ಲ ಮಗಾ, ನಿಮ್ಮವ್ವ ಹೇಳಿದ್ದಲ್ಲ. ನೀನು ನನ್ ಮಗ. ನಡಿ ಮನೀಗೆ" ಅಂದ. ಅಷ್ಟೇ ನೇರವಾಗಿ ಅಂದ. ನಾನು ಕೆಂಪು ಗೆರೆಯ ಕಾಗದ ಕೊಟ್ಟೆ. ಮಾಳೇಶ ಎರಡೂ ಬದಿ ಓದಿದ. ಆಮೇಲೆ ಅಪ್ಪನ ಎದೆಗೆ ಹಣೆ ಕೊಟ್ಟು ಅತ್ತ.

ಬರುವ ದಾರಿಯಲ್ಲಿ ರೈಲಿನಲ್ಲಿ ಅವನೇ ಕೇಳಿದ. "ಅವ್ವಗೆ ಇದು ಗೊತ್ತೈತಾ?"

"ಇಲ್ಲ" ಅಂದೆವು.

"ಗೊತ್ತಾಗಾದು ಬ್ಯಾಡ. ಆ ಮಾತಿನ ಕೆಳಗೆ ಹೆಬ್ಬೆಟ್ಟು ಒತ್ತಿದ್ದು ತಾನು ಅಂತ ಗೊತ್ತಾದ್ರೆ ಅವ್ವ ಉಳಿಯಾಕಿಲ್ಲ. ಕಾಗ್ದ ನಂಗೆ ಮುಟ್ಲೇ ಇಲ್ಲ ಅಂತೀನಿ. ದಾರೀಲಿ ಕಳೀತು ಅಂತೀನಿ." ಹೇಳುವಾಗ ನನ್ನ ಮುಖ ನೋಡಲಿಲ್ಲ. ಕರಿಯಣ್ಣ ನೋಡಿದ. ನಾನು ಆಗಲಿ ಎಂದೆ. ಅದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ಜಗಲಿಯ ಮೇಲೆ ಆ ದಿನ ಬಾಯಿ ಮುಚ್ಚಿ ಕೂತವನು ನಾನು.

ಮನೆಯ ಬಾಗಿಲಲ್ಲಿ ಗುಡ್ಡಮ್ಮ ಮಗನ ಕಾಲು ನೋಡಿ ಕುಸಿದು ಕೂತಳು. ಅದೇ ಕಾಲನ್ನು ತಬ್ಬಿ, "ಬಾ ಅಂತ ಬರ್ಸಿದ್ನಲ್ಲೋ! ಹೆಂಗಿದ್ರೂ ಬಾ ಅಂದಿದ್ನಲ್ಲೋ!" ಎಂದು ಕೂಗಿದಳು. ಮಾಳೇಶ, ಕಾಗದ ಬರಲೇ ಇಲ್ಲ ಎಂದ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಅವನ ಟ್ರಂಕು ಹೊತ್ತು ನಾನು ಅಂಗಳದಲ್ಲಿ ನಿಂತಿದ್ದೆ.

"ನಿನ್ ಕೈಯಾಗೆ ಕೊಟ್ಟಿದ್ದೆ. ಎಲ್ಲಿ ಬಿಸಾಕ್ದೆ? ನಿನ್ ಕೈ ಸೇದ್ಹೋಗ!"

ಅಷ್ಟರಲ್ಲಿ ಮೇಷ್ಟ್ರು ಬಂದರು. ಕರಿಯಣ್ಣ ಅವರನ್ನು ತಡೆದು ಕಿವಿಯಲ್ಲಿ ಎರಡು ಮಾತು ಹೇಳಿದ, ಕಾಗದ ಕಳೆಯಿತೆಂದು ಹೇಳಿದ್ದೇವೆ, ಹೆಂಡತಿಗೆ ನಿಜ ಹೇಳಬೇಡಿ ಎಂದು. ಸುಮ್ಮನಿದ್ದರೂ ಸಾಕಿತ್ತು. ಈ ಮಹಾನುಭಾವರು ಶಾಲು ಸರಿಪಡಿಸಿಕೊಂಡು, ನೆರೆದ ಜನರ ಕಡೆ ತಿರುಗಿ, "ಒಂದು ಕಾಗದದ ಬೆಲೆ ಟಪಾಲಿನವರಿಗೆ ಏನು ಗೊತ್ತು? ಇದು ಬೇಜವಾಬ್ದಾರಿ" ಎಂದು ಭಾಷಣ ಮಾಡಿದರು. ನನ್ನ ಕಣ್ಣಿನಲ್ಲಿ ಕಣ್ಣಿಟ್ಟೇ ಮಾಡಿದರು. ನನಗೆ ಅನಿಸುತ್ತದೆ, ಆ ಭಾಷಣ ಮುಗಿಯುವ ಹೊತ್ತಿಗೆ ಅವರೇ ಅದನ್ನು ನಂಬಿದ್ದರು.

ಮಾಳೇಶ ಈಗ ಊರಲ್ಲೇ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಮದುವೆಯಾಗಿದೆ. ಕರಿಯಣ್ಣ ಮಂದೆ ಅರ್ಧ ಮಾಡಿ ಮನೆ ಹತ್ತಿರವೇ ಮೇಯಿಸುತ್ತಾನೆ, ಮಗನ ಜೊತೆ ಮಾತಾಡುವಾಗ ನೇರ ಮಾತೇ ಆಡುತ್ತಾನೆ. ಐದು ವರ್ಷ ಗುಡ್ಡಮ್ಮ ನನ್ನ ಕೈಯಿಂದ ಒಂದು ಕಾಗದ ಮುಟ್ಟಲಿಲ್ಲ. ನೀರು ಕೇಳಿದರೂ ಕೊಡಲಿಲ್ಲ. ನನ್ನ ಮಗಳ ಮದುವೆಗೆ ಊರೆಲ್ಲ ಬಂತು, ಅವಳ ಮನೆಯಿಂದ ಅಪ್ಪ ಮಗ ಇಬ್ಬರೇ ಬಂದರು.

ಈ ಶ್ರಾವಣದಲ್ಲಿ ಅವಳು ಹಾಸಿಗೆ ಹಿಡಿದಳು. ಮೇಷ್ಟ್ರು ನೋಡಲು ಬಂದಾಗ ಕಷ್ಟಪಟ್ಟು ಎದ್ದು ಕೂತು, "ನೀವಿದ್ರಿ ಅಂತ ನನ್ ಮಗನ ಮಾತು ಕೇಳ್ದೆ ಸ್ವಾಮಿ" ಎಂದು ಕೈ ಮುಗಿದಳು. ಅವರು ತಲೆ ಮೇಲೆ ಕೈಯಿಟ್ಟು ಹರಸಿದರು. ನಾನು ಹೊಸ್ತಿಲ ಹೊರಗೆ ನಿಂತು ಇದನ್ನೆಲ್ಲ ನೋಡುತ್ತಿದ್ದೆ. ಮಾಳೇಶ ಒಳಗಿನಿಂದ, "ಅವ್ವಾ, ರಾಜಪ್ಪಣ್ಣ ಬಂದಾನೆ" ಎಂದ. ಅವಳು ಗೋಡೆಯ ಕಡೆ ಮಗ್ಗುಲಾದಳು.

ಕರಿಯಣ್ಣ ಹೊರಗೆ ಬಂದು ನನ್ನ ತೋಳು ಹಿಡಿದ. ಕಣ್ಣು ಕೆಂಪಾಗಿತ್ತು. "ಸಾಯಾ ಮುಂದಾದ್ರೂ ಹೇಳಿಬಿಡ್ಲಾ ರಾಜಪ್ಪ? ನಿನ್ನ ಬೈಕೊಂಡೇ ಹೋಗ್ತಾಳಲ್ಲ" ಎಂದ.

"ಬ್ಯಾಡ" ಎಂದೆ.

ಮೂರನೆಯ ದಿನ ಗುಡ್ಡಮ್ಮ ಹೋದಳು, ಕಾಗದ ಕಳೆದವನು ನಾನೇ ಎಂದು ನಂಬಿಕೊಂಡು.